ಸ್ನೋಡ್ರಾಪ್ ಎಂದು ಕೊಂಡ ಗೆಡ್ಡೆಗಳು: ಪೊಟ್ಟಣದ ಮೇಲೆ ಮೂರು ಹೆಸರು, ಹೂ ನೋಡಿದರೆ ಅನುಮಾನ

ಕೈಮರದ ಕೈತೋಟ:
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ದಾರಿಯಲ್ಲಿ, ಕೈಮರದ ಸಮೀಪ ನಮ್ಮ ಮನೆ. ಕಳೆದ ಚಳಿಗಾಲದಲ್ಲಿ ಆನ್‌ಲೈನ್ ಮಾರಾಟಗಾರರೊಬ್ಬರಿಂದ, ಚಳಿನಾಡಿನ ಬಿಳಿ ಹೂವಾದ ಸ್ನೋಡ್ರಾಪ್‌ನ ಮೂರು ಪೊಟ್ಟಣ ಗೆಡ್ಡೆ ತರಿಸಿದೆ. ಒಂದರ ಮೇಲೆ ‘ಎಸ್. ಆರ್ನಾಟ್’, ಇನ್ನೊಂದರ ಮೇಲೆ ‘ಫ್ಲೋರ್ ಪ್ಲೆನೋ’, ಮೂರನೆಯದರ ಮೇಲೆ ‘ವಿರಿಡಪೈಸ್’ ಎಂದು ಬರೆದಿತ್ತು. ಬೇರೆ ಬೇರೆ ಕುಂಡಗಳಲ್ಲಿ ನೆಟ್ಟು, ತಣ್ಣಗಿರಲಿ ಎಂದು ಸಿಲ್ವರ್ ಓಕ್ ನೆರಳಿನಲ್ಲಿ ಇಟ್ಟಿದ್ದೇನೆ. ದಿನವೂ ನೀರು, ಆಗಾಗ ಕೊಟ್ಟಿಗೆ ಗೊಬ್ಬರ.

ಜೂನ್ ಮೊದಲ ಮಳೆ ಬಿದ್ದ ಮೇಲೆ ಮೊದಲ ಕುಂಡದಲ್ಲಿ ಬಿಳಿ ಹೂಗಳು ಎದ್ದವು. ಚೆನ್ನಾಗಿಯೇ ಇವೆ, ಆದರೆ ಚಿತ್ರಗಳಲ್ಲಿ ನೋಡಿದ ಸ್ನೋಡ್ರಾಪ್‌ನಂತೆ ಇಲ್ಲ. ಎರಡನೆಯ ಕುಂಡದಲ್ಲಿ ಎಲೆ ಬಿಟ್ಟರೆ ಏನೂ ಇಲ್ಲ. ಮೂರನೆಯದರ ಎಲೆ ಬೇರೆ ತರಹ, ಮೇಲೆ ಕೆಂಪು ಗೀರುಗಳೂ ಬಂದಿವೆ. ನನ್ನ ಪ್ರಶ್ನೆ ಎರಡು: ಇವು ನಿಜಕ್ಕೂ ಈ ಹೆಸರಿನ ತಳಿಗಳೇ? ಉಳಿದೆರಡು ಕುಂಡ ಏಕೆ ಹೂ ಬಿಡುತ್ತಿಲ್ಲ?

ಬೇಲೂರು ಹೂದೋಟ:
ಸ್ನೋಫ್ಲೇಕ್ ಇರಬಹುದೇ? ಅದನ್ನೂ ಸ್ನೋಡ್ರಾಪ್ ಎಂದು ಮಾರುವುದುಂಟು. ಆರೂ ಎಸಳು ಒಂದೇ ಅಳತೆ, ಪ್ರತಿ ಎಸಳಿನ ತುದಿಗೆ ಒಂದು ಹಸಿರು ಚುಕ್ಕೆ, ಹೂ ಗಂಟೆಯಂತೆ ಕೆಳಗೆ ತೂಗುತ್ತದೆ. ನಿಮ್ಮದರಲ್ಲಿ ಚುಕ್ಕೆ ಕಾಣುತ್ತಿದೆಯೇ?

ಮಲೆಸೀಮೆ:
ಕೈಮರದವರೇ, ಹೆಸರು ಹೇಳುವ ಮೊದಲು ಕೆಲವು ವಿಷಯ ಬೇಕು. ಪೊಟ್ಟಣದ ಚೀಟಿಯನ್ನು ಸದ್ಯಕ್ಕೆ ಮರೆತುಬಿಡಿ. ಹೂ ಆಕಾಶ ನೋಡುತ್ತದೆಯೋ, ನೆಲ ನೋಡುತ್ತದೆಯೋ? ಆರು ಎಸಳುಗಳಲ್ಲಿ ಒಳಗಿನ ಮೂರು ಗಿಡ್ಡವೋ ಅಥವಾ ಆರೂ ಸಮವೋ? ಒಂದು ಗೆಡ್ಡೆಯಿಂದ ಎಷ್ಟು ಎಲೆ ಬಂದಿವೆ? ಮೂರೂ ಕುಂಡಗಳಿಂದ ಒಂದೊಂದು ಎಲೆಯನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ, ಕತ್ತರಿಸಿದ ಮುಖ ಯಾವ ಆಕಾರದಲ್ಲಿದೆ ನೋಡಿ. ಸಂಜೆ ಹೂ ಏನು ಮಾಡುತ್ತದೆ ಎಂಬುದನ್ನೂ ಗಮನಿಸಿ.

ಕೈಮರದ ಕೈತೋಟ:
ನೋಡಿದೆ. ಹೂ ನೆಟ್ಟಗೆ ಆಕಾಶ ನೋಡುತ್ತದೆ. ಆರೂ ಎಸಳು ಹೆಚ್ಚುಕಡಿಮೆ ಸಮ, ಅಪ್ಪಟ ಬಿಳಿ, ತುದಿಯಲ್ಲಿ ಚುಕ್ಕೆ ಇಲ್ಲ. ಬುಡದಲ್ಲಿ ಮಾತ್ರ ತುಸು ಹಸಿರು ಛಾಯೆ. ನಡುವೆ ದಟ್ಟ ಹಳದಿ ಪರಾಗಕೋಶಗಳು ಎದ್ದು ನಿಂತಿವೆ. ಬಿಸಿಲು ಏರಿದಂತೆ ಅಗಲವಾಗಿ ಅರಳಿ, ಸಂಜೆ ಮುಚ್ಚಿಕೊಳ್ಳುತ್ತದೆ. ಒಂದು ಗೆಡ್ಡೆಯಲ್ಲಿ ಐದಾರು ಎಲೆ. ಮೊದಲ ಎರಡು ಕುಂಡಗಳ ಎಲೆ ಕತ್ತರಿಸಿದರೆ ಬಹುತೇಕ ಗುಂಡು, ಒಂದು ಬದಿಗೆ ಸಣ್ಣ ತಗ್ಗು. ಮೂರನೆಯ ಕುಂಡದ ಎಲೆ ಚಪ್ಪಟೆ, ಬುಡ ಕೆಂಪಗಿದೆ.

ಮಲೆಸೀಮೆ:
ಇಷ್ಟು ಸಾಕು. ನಿಮ್ಮ ಮೊದಲ ಕುಂಡದಲ್ಲಿರುವುದು ರೈನ್ ಲಿಲ್ಲಿ, ಜೆಫಿರಾಂಥಸ್ ಕ್ಯಾಂಡಿಡಾ. ದಕ್ಷಿಣ ಅಮೆರಿಕದ ಲಾ ಪ್ಲಾಟಾ ನದಿ ಸೀಮೆಯ ಗಿಡ, ನಮ್ಮ ಊರುಗಳಲ್ಲಿ ಅಂಗಳದ ಅಂಚಿಗೆ ಸಾಲಾಗಿ ನೆಡುವ ಅದೇ ಬಿಳಿ ಹೂ. ಎರಡನೆಯ ಕುಂಡದ್ದೂ ಎಲೆ ನೋಡಿದರೆ ಅದೇ. ಸ್ನೋಡ್ರಾಪ್ ಮತ್ತು ಇದು ಒಂದೇ ಕುಟುಂಬಕ್ಕೆ, ಅಮರಿಲ್ಲಿಡೇಸಿಗೆ ಸೇರಿದವು. ಬರಿಯ ಗೆಡ್ಡೆ ನೋಡಿ ಬೇರ್ಪಡಿಸುವುದು ಕಷ್ಟ. ಮಾರಾಟಗಾರರಿಗೆ ಅದೇ ಅನುಕೂಲವಾಗಿದೆ.

ಸ್ನೋಡ್ರಾಪ್ ಎಂದರೆ ಗ್ಯಾಲಂಥಸ್ ಕುಲದ ಸುಮಾರು 20 ಪ್ರಭೇದಗಳು, ಯುರೋಪ್, ಟರ್ಕಿ, ಕಾಕಸಸ್ ಪ್ರದೇಶದವು. ಒಂದು ಗೆಡ್ಡೆಗೆ ಸಾಮಾನ್ಯವಾಗಿ ಎರಡೇ ಎಲೆ, ಒಂದು ಹೂದಂಟು, ಅದರ ತುದಿಯಲ್ಲಿ ತೆಳು ತೊಟ್ಟಿನಿಂದ ತಲೆ ತಗ್ಗಿಸಿದ ಒಂದೇ ಹೂ. ಹೊರಗಿನ ಮೂರು ಎಸಳು ಉದ್ದ. ಒಳಗಿನ ಮೂರು ಅದರ ಅರ್ಧದಷ್ಟು, ತುದಿಯಲ್ಲಿ ಸಣ್ಣ ಕಚ್ಚು, ಕಚ್ಚಿನ ಸುತ್ತ ಹಸಿರು ಗುರುತು. ಬೇಲೂರಿನವರು ಹೇಳಿದ ಸ್ನೋಫ್ಲೇಕ್‌ಗೂ ಸ್ನೋಡ್ರಾಪ್‌ಗೂ ವ್ಯತ್ಯಾಸ ಇಲ್ಲೇ ತಿಳಿಯುತ್ತದೆ: ಸ್ನೋಫ್ಲೇಕ್‌ನಲ್ಲಿ ಒಳಗೆ-ಹೊರಗೆ ಎಂಬ ಭೇದವಿಲ್ಲ, ಆರೂ ಸಮ. ಆದರೆ ಎರಡೂ ತಲೆ ತಗ್ಗಿಸುತ್ತವೆ. ನಿಮ್ಮದು ತಲೆ ಎತ್ತಿದೆ, ಆದ್ದರಿಂದ ಎರಡೂ ಅಲ್ಲ.

ಪ್ರಭೇದ ಗುರುತಿಸಲು ಬಲ್ಲವರು ಮೊದಲು ನೋಡುವುದು ಹೂವನ್ನಲ್ಲ, ಎರಡು ಎಲೆಗಳು ಬುಡದಲ್ಲಿ ಹೇಗೆ ಕೂಡಿವೆ ಎಂಬುದನ್ನು. ಗ್ಯಾಲಂಥಸ್ ನಿವಾಲಿಸ್‌ನಲ್ಲಿ ಎರಡು ಎಲೆಗಳು ಕೈ ಮುಗಿದಂತೆ ಒಂದಕ್ಕೊಂದು ಚಪ್ಪಟೆಯಾಗಿ ಅಂಟಿರುತ್ತವೆ. ಎಲ್ವೆಸಿಯೈನಲ್ಲಿ ಒಂದು ಎಲೆ ಇನ್ನೊಂದನ್ನು ಸುತ್ತಿಕೊಂಡಿರುತ್ತದೆ. ಪ್ಲಿಕೇಟಸ್‌ನಲ್ಲಿ ಎಲೆಯ ಅಂಚುಗಳು ಹಿಂದಕ್ಕೆ ಮಡಿಚಿರುತ್ತವೆ. ಇವುಗಳ ನಡುವೆ ಬೆರಕೆ ನಡೆದು ಹುಟ್ಟಿದ ತಳಿಗಳೇ ಹೆಚ್ಚಾದ್ದರಿಂದ ಎಲೆಯಲ್ಲಿ ಎರಡೂ ಕಡೆಯ ಲಕ್ಷಣ ಸೇರಿರುವುದೂ ಉಂಟು.

ಇನ್ನು ನಿಮ್ಮ ಚೀಟಿಗಳಲ್ಲಿದ್ದ ಹೆಸರುಗಳು. ಮೂರೂ ನಿಜವಾದ ತಳಿಗಳೇ, ಕಟ್ಟುಕತೆಯಲ್ಲ. ‘ಎಸ್. ಆರ್ನಾಟ್’ಗೆ ಸ್ಕಾಟ್ಲೆಂಡಿನ ತೋಟಗಾರ ಸ್ಯಾಮ್ಯುಯೆಲ್ ಆರ್ನಾಟ್ ಅವರ ಹೆಸರು. ಎತ್ತರದ ದಂಟು, ತುಂಬು ದುಂಡನೆಯ ಹೂ, ಒಳ ಎಸಳಿನ ತುದಿಯಲ್ಲಿ ತಲೆಕೆಳಗಾದ ‘ವಿ’ ಆಕಾರದ ಹಸಿರು ಗುರುತು, ಜೇನಿನ ಪರಿಮಳ. ‘ಫ್ಲೋರ್ ಪ್ಲೆನೋ’ ನಿವಾಲಿಸ್‌ನ ಸುತ್ತುಹೂ, ಒಳಗೆ ಹಸಿರು ಗೀರಿನ ಎಸಳುಗಳು ಒತ್ತೊತ್ತಾಗಿ ತುಂಬಿರುತ್ತವೆ. ‘ವಿರಿಡಪೈಸ್’ನಲ್ಲಿ ಹೊರ ಎಸಳುಗಳ ತುದಿಗೂ ಹಸಿರು ಇರುತ್ತದೆ. ಹೂ ನೋಡಿದ ಕೂಡಲೇ ತಿಳಿಯುವಷ್ಟು ಬೇರೆ ಬೇರೆ ತಳಿಗಳು ಇವು. ಇವುಗಳಲ್ಲಿ ಯಾವುದನ್ನೂ ರೈನ್ ಲಿಲ್ಲಿಯೊಂದಿಗೆ ಗೊಂದಲ ಮಾಡಿಕೊಳ್ಳಲು ಸಾಧ್ಯವೇ ಇಲ್ಲ. ಹೆಸರಿಗೆ ಬೆಲೆ ಇದೆ ಎಂದು ತಿಳಿದೇ ಹೆಸರು ಅಂಟಿಸಿದ್ದಾರೆ. 2015ರಲ್ಲಿ ‘ಗೋಲ್ಡನ್ ಫ್ಲೀಸ್’ ಎಂಬ ಹಳದಿ ಗುರುತಿನ ತಳಿಯ ಒಂದೇ ಒಂದು ಗೆಡ್ಡೆ ಆನ್‌ಲೈನ್ ಹರಾಜಿನಲ್ಲಿ 1,390 ಪೌಂಡ್‌ಗೆ ಹೋಯಿತು. ಅಂಥ ಲೋಕದ ಹೆಸರುಗಳನ್ನು ಅಗ್ಗದ ಪೊಟ್ಟಣದ ಮೇಲೆ ಕಂಡಾಗ ಅನುಮಾನಿಸುವುದೇ ಸರಿ.

ಇನ್ನೊಂದು ಮಾತನ್ನು ನೆನಪಿಡಿ. ಹೆಸರಿನ ತಳಿ ಎಂದರೆ ಒಂದೇ ಗಿಡದ ಪ್ರತಿರೂಪಗಳು. ಮರಿಗೆಡ್ಡೆ ಬಿಡಿಸಿಯೋ, ಗೆಡ್ಡೆಯನ್ನು ಸೀಳಿ ಬೆಳೆಸಿಯೋ ಮಾತ್ರ ಆ ಹೆಸರು ಉಳಿಯುತ್ತದೆ. ಬೀಜದಿಂದ ಹುಟ್ಟಿದ ಸಸಿ ತಾಯಿಯನ್ನು ಎಷ್ಟೇ ಹೋಲಲಿ, ಅದಕ್ಕೆ ಆ ಹೆಸರು ಸಲ್ಲುವುದಿಲ್ಲ.

ಸಕಲೇಶಪುರದ ಸಸಿ:
ನನ್ನದು ಬೇರೆ ಕತೆ. ಬ್ರಿಟನ್ನಿನಲ್ಲಿರುವ ಸಂಬಂಧಿಕರು ಬರುವಾಗ ಗೆಡ್ಡೆ ತಂದುಕೊಟ್ಟರು. ಬಂದದ್ದು ಎರಡೇ ಎಲೆ, ಬೂದುಹಸಿರು, ಆದ್ದರಿಂದ ನಿಜವಾದ ಸ್ನೋಡ್ರಾಪ್ ಎಂದೇ ಭಾವಿಸಿದ್ದೇನೆ. ಹೂ ಬರಲಿಲ್ಲ, ಎಲೆ ಬೇಗ ಹಳದಿಯಾಗಿ ಬಿದ್ದುಹೋಯಿತು. ಈಗ ಮಳೆಯಲ್ಲಿ ಗೆಡ್ಡೆ ಮೆತ್ತಗಾಗುತ್ತಿದೆ. ಟುಲಿಪ್‌ನಂತೆ ಫ್ರಿಜ್‌ನಲ್ಲಿ ಇಟ್ಟು ನೋಡಲೇ?

ಮಲೆಸೀಮೆ:
ಸಕಲೇಶಪುರದವರೇ, ಮೆತ್ತಗಾದ ಗೆಡ್ಡೆಯನ್ನು ಇಂದೇ ಮೇಲೆತ್ತಿ. ಕೊಳೆತ ಪದರ ತೆಗೆದು, ಗಟ್ಟಿ ತಿರುಳು ಉಳಿದಿದ್ದರೆ ಬೂದಿ ಅಥವಾ ಗಂಧಕದ ಪುಡಿ ಹಚ್ಚಿ, ತುಸುವೇ ತೇವವಿರುವ ಮರಳಿನಲ್ಲಿ ಸೂರಿನ ಕೆಳಗೆ ಇಡಿ.

ಮೂಲ ತೊಂದರೆ ನಿಮ್ಮ ಆರೈಕೆಯದ್ದಲ್ಲ, ಕಾಲಚಕ್ರದ್ದು. ಸ್ನೋಡ್ರಾಪ್ ತನ್ನ ಊರಿನಲ್ಲಿ ಚಳಿಯಲ್ಲಿ ಬೇರು ಬಿಟ್ಟು, ಚಳಿಗಾಲದ ಕೊನೆಗೆ ಹೂ ಬಿಟ್ಟು, ಬೇಸಿಗೆ ಬರುವ ಹೊತ್ತಿಗೆ ಎಲೆ ಒಣಗಿಸಿ ಮಣ್ಣಿನಡಿ ಮಲಗುತ್ತದೆ. ಅದು ಮಲಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮುಂಗಾರು. ವಿಶ್ರಾಂತಿಯಲ್ಲಿರುವ ಗೆಡ್ಡೆಯ ಸುತ್ತ ತಿಂಗಳುಗಟ್ಟಲೆ ನೀರು ನಿಂತರೆ ಕೊಳೆಯದೆ ಇನ್ನೇನು? ಅದು ಏಳಬೇಕಾದ ಚಳಿಗಾಲದಲ್ಲಿ ನಮ್ಮಲ್ಲಿ ರಾತ್ರಿ 14-15 ಡಿಗ್ರಿ ಆಸುಪಾಸು, ಹಗಲು 25 ದಾಟುತ್ತದೆ. ಹೂ ಮೊಗ್ಗು ಮೇಲೇಳಲು ಬೇಕಾದ ಚಳಿ ಸಿಗುವುದೇ ಇಲ್ಲ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದರೂ ಅಲ್ಲಿಯೂ ಹಿಮ ಬೀಳುವ ಚಳಿ ಇಲ್ಲ.

ಫ್ರಿಜ್‌ನಲ್ಲಿ ಒಣ ಗೆಡ್ಡೆ ಇಡುವುದು ಟುಲಿಪ್‌ಗೆ ಸರಿ, ಸ್ನೋಡ್ರಾಪ್‌ಗೆ ಅಲ್ಲ. ಇದರ ಸಣ್ಣ ಗೆಡ್ಡೆ ಬೇಗ ಬತ್ತಿಹೋಗುತ್ತದೆ. ಬ್ರಿಟನ್ನಿನ ತೋಟಗಾರರು ಒಣ ಗೆಡ್ಡೆಗಿಂತ, ಹೂ ಮುಗಿದು ಎಲೆ ಇನ್ನೂ ಹಸಿರಾಗಿರುವಾಗಲೇ ಕಿತ್ತು ನೆಡುವುದನ್ನು ಇಷ್ಟಪಡುವುದು ಅದಕ್ಕೇ. ಪ್ರಯತ್ನಿಸಲೇಬೇಕೆಂದರೆ ಅಕ್ಟೋಬರ್‌ನಲ್ಲಿ ಸಣ್ಣ ಕುಂಡದಲ್ಲಿ ನೆಟ್ಟು, ಮಣ್ಣು ಹಸಿಯಾಗಿರುವಂತೆ ನೋಡಿಕೊಂಡು, ಕುಂಡದ ಸಮೇತ 5 ಡಿಗ್ರಿ ಆಸುಪಾಸಿನಲ್ಲಿ ಎರಡೂವರೆ-ಮೂರು ತಿಂಗಳು ಇಡಿ. ಅದೇ ಫ್ರಿಜ್‌ನಲ್ಲಿ ಸೇಬು, ಬಾಳೆಹಣ್ಣು ಬೇಡ. ಮಾಗುವ ಹಣ್ಣು ಬಿಡುವ ಎಥಿಲೀನ್ ಮೊಗ್ಗನ್ನು ಕೆಡಿಸುತ್ತದೆ. ಹೀಗೆ ಮಾಡಿ ಒಮ್ಮೆ ಹೂ ಕಂಡರೂ ಗೆಡ್ಡೆ ಸೊರಗುತ್ತದೆ, ಮುಂದಿನ ವರ್ಷ ಅದರಿಂದ ಹೂ ನಿರೀಕ್ಷಿಸಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಸೀಮೆಯಲ್ಲಿ ಆ ಶ್ರಮ ಬೇಡ.

ಒಂದು ಎಚ್ಚರಿಕೆ. ಗ್ಯಾಲಂಥಸ್ ಕುಲ ಸೈಟ್ಸ್ ಎಂಬ, ಕಾಡಿನ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ಮಾರಾಟವನ್ನು ನಿಯಂತ್ರಿಸುವ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ, ಕಾಡಿನಿಂದ ಗೆಡ್ಡೆ ಕಿತ್ತು ಮಾರುವುದನ್ನು ತಡೆಯಲು. ಅದಲ್ಲದೆ ನಮ್ಮ ದೇಶದ 2003ರ ಸಸ್ಯ ಸಂಗರೋಧ ಆದೇಶದಂತೆ ನೆಡುವ ಗೆಡ್ಡೆಗೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮುಂದೆ ಬರುವವರಿಗೆ ಸೂಟ್‌ಕೇಸಿನಲ್ಲಿ ತರಲು ಹೇಳಬೇಡಿ. ಗೆಡ್ಡೆಯೊಂದಿಗೆ ಬರುವ ರೋಗ, ಜಂತುಹುಳು ನಮ್ಮ ಮಣ್ಣಿಗೆ ಸೇರಿದರೆ ಹಿಂದಕ್ಕೆ ಕಳಿಸಲಾಗುವುದಿಲ್ಲ.

ಕೈಮರದವರೇ, ಈಗ ನಿಮ್ಮ ಎರಡನೆಯ ಪ್ರಶ್ನೆ. ರೈನ್ ಲಿಲ್ಲಿಗೆ ನೆರಳು ಬೇಡ, ದಿನವೂ ನೀರು ಬೇಡ, ಕೊಟ್ಟಿಗೆ ಗೊಬ್ಬರದ ಸುರಿಮಳೆಯೂ ಬೇಡ. ಸಾರಜನಕ ಹೆಚ್ಚಾದರೆ ಎಲೆಯೇ ಬೆಳೆಯುತ್ತದೆ. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಣಗಿ ಕಾದ ಗಿಡಕ್ಕೆ ಹೂಮಳೆ ಬಿದ್ದಾಗ ತೋಟವೆಲ್ಲ ಅರಳುವ ಹಾಗೆಯೇ ಇದೂ. ಒಣಗಲು ಬಿಡಬೇಕು, ಆಮೇಲೆ ಒಮ್ಮೆಲೇ ನೆನೆಸಬೇಕು. ಕಾಫಿಗೆ ಹೂಮಳೆಯ ನಂತರ ಎಂಟು-ಹತ್ತು ದಿನ ಬೇಕು, ರೈನ್ ಲಿಲ್ಲಿ ಒಂದು ವಾರದೊಳಗೇ ಅರಳುತ್ತದೆ. ಜುಲೈನ ಜಡಿಮಳೆಯಲ್ಲಿ ಇದು ಆಗದು. ಕುಂಡಗಳನ್ನು ಸೂರಿನ ಕೆಳಗೆ ಸರಿಸಿ, ಮಳೆ ಬಿಡುವು ಕೊಟ್ಟಾಗ ಬಿಸಿಲಿಗೆ ತನ್ನಿ, ಎರಡು-ಮೂರು ವಾರ ನೀರು ನಿಲ್ಲಿಸಿ, ನಂತರ ಕುಂಡದ ಅಡಿಯಿಂದ ಹರಿಯುವಷ್ಟು ನೀರು ಕೊಡಿ. ಕುಂಡ ಬದಲಿಸಬೇಡಿ, ಗೆಡ್ಡೆಗಳು ಒತ್ತಾಗಿದ್ದಷ್ಟೂ ಒಳ್ಳೆಯದು.

ಮೂರನೆಯ ಕುಂಡದ ಕೆಂಪು ಗೀರು ಬಹುಶಃ ಸ್ಟ್ಯಾಗನೋಸ್ಪೋರಾ ಶಿಲೀಂಧ್ರದ್ದು, ಈ ಕುಟುಂಬಕ್ಕೆ ಬರುವ ಸಾಮಾನ್ಯ ರೋಗ. ಗೀರು ಬಿದ್ದ ಎಲೆಗಳನ್ನು ಬುಡಕ್ಕೆ ಕತ್ತರಿಸಿ ಸುಟ್ಟುಬಿಡಿ, ಎಲೆಯ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ, ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಕಪ್ಪು ಮೈಮೇಲೆ ಬಿಳಿ, ಕಿತ್ತಳೆ ಚುಕ್ಕೆಯ ಹುಳು ಕಂಡರೆ ಅದು ಬೇರೆ ವಿಷಯ, ಬೆಳಗ್ಗೆ ಕೈಯಿಂದಲೇ ಆರಿಸಿ ತೆಗೆಯಿರಿ. ಗೆಡ್ಡೆಗಳನ್ನು ಈರುಳ್ಳಿ, ಬೆಳ್ಳುಳ್ಳಿಯ ಹತ್ತಿರ ಎಂದೂ ಇಡಬೇಡಿ. ಸ್ನೋಡ್ರಾಪ್, ರೈನ್ ಲಿಲ್ಲಿ ಎರಡರಲ್ಲೂ ಲೈಕೋರಿನ್ ಎಂಬ ವಿಷವಿದೆ.

ಕೈಮರದ ಕೈತೋಟ:
ಸೆಪ್ಟೆಂಬರ್ ಬಿಸಿಲಿಗೆ ಒಣಗಿಸಿ ನೀರು ಕೊಟ್ಟೆ. ‘ಫ್ಲೋರ್ ಪ್ಲೆನೋ’ ಕುಂಡದಲ್ಲಿ ಮೊದಲ ಕುಂಡದ್ದೇ ಬಿಳಿ ಹೂ, ಆರೇ ಎಸಳು. ‘ವಿರಿಡಪೈಸ್’ ಕುಂಡದಲ್ಲಿ ಅಂಗೈ ತುಂಬುವಷ್ಟು ದೊಡ್ಡ ಗುಲಾಬಿ ಹೂ! ನರ್ಸರಿಯವರು ನೋಡಿ ‘ರೋಸಿಯಾ’ ಎಂದರು. ಸರಿಯೇ?

ಮಲೆಸೀಮೆ:
ಬಹಳ ಸಂತೋಷ. ಇದೂ ರೈನ್ ಲಿಲ್ಲಿಯೇ, ಆದರೆ ಅಷ್ಟು ದೊಡ್ಡದಾದರೆ ರೋಸಿಯಾ ಪ್ರಭೇದ ಅಲ್ಲ, ಕ್ಯಾರಿನೇಟಾ. ಇದನ್ನೇ ಗ್ರ್ಯಾಂಡಿಫ್ಲೋರಾ ಎಂದೂ ಕರೆಯುತ್ತಿದ್ದರು. ರೋಸಿಯಾ ಹೂ ಇದರ ಅರ್ಧವೂ ಇರುವುದಿಲ್ಲ, ಗಂಟಲು ಹಸಿರು. ಕ್ಯಾರಿನೇಟಾದಲ್ಲಿ ಶಲಾಕಾಗ್ರ, ಅಂದರೆ ಹೂವಿನ ನಡುವಿನ ಹೆಣ್ಣು ಭಾಗದ ತುದಿ, ಮೂರು ಕವಲಾಗಿ ಪರಾಗಕೋಶಗಳಿಗಿಂತ ಮೇಲೆ ಚಾಚಿರುತ್ತದೆ. ಭೂತಗನ್ನಡಿ ಬೇಕಿಲ್ಲ, ಬರಿಗಣ್ಣಿಗೇ ಕಾಣುತ್ತದೆ, ನೋಡಿ ಹೇಳಿ.

ಕೈಮರದ ಕೈತೋಟ:
ಹೌದು, ಮೂರು ಬಿಳಿ ಕವಲು, ಪರಾಗಕೋಶಗಳಿಂದ ಮೇಲೆ ಬಂದು ಒಂದು ಬದಿಗೆ ತುಸು ಬಾಗಿದೆ. ಮಾರಾಟಗಾರರಿಗೆ ಚಿತ್ರಗಳ ಸಮೇತ ಬರೆದಿದ್ದೇನೆ, ಉತ್ತರ ಬಂದಿಲ್ಲ. ಪೊಟ್ಟಣದ ಚೀಟಿಗಳನ್ನು ತೆಗೆದುಹಾಕಿದೆ.

ಬೇಲೂರು ಹೂದೋಟ:
ನನ್ನ ಬಳಿ ಹಳದಿ ರೈನ್ ಲಿಲ್ಲಿ ಸಿಟ್ರಿನಾ ಬೇಕಾದಷ್ಟಿದೆ, ಬೀಜವೂ ಧಾರಾಳವಾಗಿ ಕಟ್ಟುತ್ತದೆ. ಕ್ಯಾಂಡಿಡಾ, ಸಿಟ್ರಿನಾ ಎರಡನ್ನೂ ಬೆರಕೆ ಮಾಡಿ ಪಡೆದ ತಳಿಯೇ ‘ಏಜಾಕ್ಸ್’, ತಿಳಿ ಹಳದಿ. ನಿಮ್ಮ ಬಿಳಿಯ ಕೆಲವು ಮರಿಗೆಡ್ಡೆ ಕೊಟ್ಟರೆ ನಾನು ಸಿಟ್ರಿನಾ ಕೊಡುತ್ತೇನೆ, ಇಬ್ಬರೂ ಬೆರಕೆ ಮಾಡಿ ನೋಡೋಣ. ಕೆಂಪು ಗೀರಿನ ಕುಂಡದ್ದು ಮಾತ್ರ ಈಗ ಬೇಡ, ಮುಂದಿನ ಮಳೆಗಾಲದ ಹೊತ್ತಿಗೆ ಎಲೆ ಶುಚಿಯಾಗಿದ್ದರೆ ಕೊಡಿ.