ಥೀಸಿಸ್ ಪೂರ್ತಿ ಹಳೇ ನುಡಿ ಫಾಂಟಲ್ಲಿದೆ, ಸಬ್ಮಿಟ್ ಮಾಡೋ ಮುಂಚೆ ಯೂನಿಕೋಡ್‌ಗೆ ತರಲೇಬೇಕಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ನಂದು ಕನ್ನಡ ಪಿಎಚ್‌ಡಿ, ಶಿವಶರಣೆಯರ ವಚನಗಳಲ್ಲಿ ಕಾಯಕದ ಕಲ್ಪನೆ ಅಂತ ವಿಷಯ, ಇನ್ನೇನು ಸಬ್ಮಿಷನ್ ಹತ್ರ ಬಂತು. ಮೊದಲಿಂದ ಊರಿನ ಡಿಟಿಪಿ ಸೆಂಟರಲ್ಲೇ ಟೈಪ್ ಮಾಡ್ಸಿದ್ದು, ಎಲ್ಲಾ ಹಳೇ ನುಡಿ ಫಾಂಟು. ಕೃತಿಚೌರ್ಯದ ಚೆಕ್‌ಗೆ ಹಾಕಿದ್ರೆ ಸೊನ್ನೆ ಪರ್ಸೆಂಟ್ ಬಂತು, ಗೈಡ್ ಖುಷಿಯಾಗಿ ಸೈನ್ ಮಾಡ್ತೀನಿ ಅಂದ್ರು. ನಂಗ್ಯಾಕೋ ಅನುಮಾನ ಬಂದು ಒಂದು ಅಧ್ಯಾಯ ಮಾತ್ರ ಯೂನಿಕೋಡ್‌ಗೆ ಬದಲಾಯಿಸಿ ಫ್ರೆಂಡ್ ಕೈಲಿ ಚೆಕ್ ಮಾಡ್ಸಿದೆ, ಮೂವತ್ತು ದಾಟಿಬಿಡ್ತು! ಕೆಂಪು ಬಂದಿರೋದೆಲ್ಲ ನೋಡಿದ್ರೆ ನಾನು ಉಲ್ಲೇಖಿಸಿರೋ ವಚನಗಳೇ. ಸುಮ್ನೆ ನುಡಿಯಲ್ಲೇ ಕೊಟ್ಟು ಕೈತೊಳ್ಕೊಳ್ಳಲಾ? ಇಲ್ಲಾ ಪೂರ್ತಿ ಬದಲಾಯಿಸ್ಲಾ? ಹಾಗೆ ಮಾಡಿದವರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಲೈಬ್ರರಿ_ಕಿಟಕಿ:
ಮೇಡಂ, ಆ ಸೊನ್ನೆ ನಂಬ್ಬೇಡಿ. ಹಳೇ ನುಡಿಯಲ್ಲಿ ಕಂಪ್ಯೂಟರ್ ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರ ಮತ್ತೆ ಚಿತ್ರವಿಚಿತ್ರ ಚಿಹ್ನೆಗಳು, ಫಾಂಟು ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತೆ ಅಷ್ಟೆ. ಸಾಫ್ಟ್‌ವೇರ್ ಓದೋದು ಆ ಚಿಹ್ನೆಗಳನ್ನ, ಹಾಗಾಗಿ ಏನೂ ಹೊಂದಲ್ಲ. ಯೂನಿಕೋಡಲ್ಲಾದ್ರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಕೋಡ್ ಇರುತ್ತೆ. ನಿಮ್ಮ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ, ಅಲ್ಲಿ ಕಾಣೋ ಗೊಜಲೇ ಗೂಗಲ್‌ಗೂ ಕಾಣೋದು.

ಮೂವತ್ತಕ್ಕೆ ಹೆದರ್ಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಲ್ಲಿ ಶೇ 10ರವರೆಗೆ ದಂಡನೆ ಇಲ್ಲ, 10ರಿಂದ 40 ಅಂದ್ರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಆದ್ರೆ ಅದೇ ನಿಯಮದಲ್ಲಿ ಸರಿಯಾಗಿ ಮೂಲ ಸೂಚಿಸಿದ ಉಲ್ಲೇಖಗಳು, ಗ್ರಂಥಸೂಚಿ, ವಿಷಯಸೂಚಿ, ಕೃತಜ್ಞತೆ ಇವನ್ನೆಲ್ಲ ಲೆಕ್ಕದಿಂದ ಬಿಡಬೇಕು ಅಂತ ಸ್ಪಷ್ಟವಾಗಿ ಇದೆ. ವಚನ ಉದ್ಧರಣ ಚಿಹ್ನೆಯೊಳಗೆ ಇಲ್ದಿದ್ರೆ ಸಾಫ್ಟ್‌ವೇರ್‌ಗೆ ಅದು ಉಲ್ಲೇಖ ಅಂತ ಗೊತ್ತಾಗದೇ ಇರಬಹುದು, ಪಕ್ಕಕ್ಕೆ ಸರಿಸಿ ಇಂಡೆಂಟ್ ಕೊಟ್ರೆ ಎಲ್ಲಾ ಸಲ ಸಾಲಲ್ಲ. ಚಿಹ್ನೆ ಹಾಕಿ, ಉಲ್ಲೇಖ ಬಿಟ್ಟು ರಿಪೋರ್ಟ್ ತೆಗೀರಿ ಅಂತ ನಿಮ್ಮ ಲೈಬ್ರರಿಯಲ್ಲಿ ಕೇಳಿ, ಆ ಆಯ್ಕೆ ಇರುತ್ತೆ.

ನಿವೃತ್ತ_ಮೇಷ್ಟ್ರು:
ತಾಯಿ, ಮೊದಲು ಡಿಗ್ರಿ ತಗೊಳ್ಳಿ. ಪರೀಕ್ಷಕರು ಓದೋದು ಪ್ರಿಂಟು, ಅವರಿಗೆ ಯಾವ ಕೋಡಾದ್ರೇನು. ಸಬ್ಮಿಷನ್ ಹೊತ್ತಲ್ಲಿ ಕನ್ವರ್ಟ್ ಮಾಡೋಕೆ ಹೋಗಿ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗಿ ಅತ್ತವರನ್ನ ನೋಡಿದೀನಿ.

ಹಳೆಬೇರು:
ಮೇಷ್ಟ್ರೇ, ಗೌರವದಿಂದಲೇ ಹೇಳ್ತೀನಿ, ನಾನು ಇದನ್ನ ಒಪ್ಪಲ್ಲ. ಪ್ರಿಂಟು ಪರೀಕ್ಷಕರ ಮನೇಲಿ ಇರುತ್ತೆ, ಆಮೇಲೆ ಯಾರು ಓದ್ತಾರೆ? 2009ರ ಯುಜಿಸಿ ನಿಯಮದಿಂದ ಥೀಸಿಸ್‌ಗಳು ಶೋಧಗಂಗಾಕ್ಕೆ (ದೇಶದ ವಿವಿಗಳ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹ) ಹೋಗ್ಬೇಕು, ಹೋಗ್ತಾನೂ ಇವೆ. ಅಲ್ಲಿ ಕನ್ನಡ ಥೀಸಿಸ್ ಹುಡುಕಿ ನೋಡಿ. ಎಷ್ಟೋ ಕಡೆ ಶೀರ್ಷಿಕೆ ಇಂಗ್ಲಿಷ್ ಲಿಪಿಯಲ್ಲಿ ಅವರಿಗೆ ತೋಚಿದ ಹಾಗೆ ಬರೆದಿರ್ತಾರೆ, ಒಳಗಿನ ಅಧ್ಯಾಯಗಳು ಒಂದೋ ಸ್ಕ್ಯಾನ್ ಮಾಡಿದ ಚಿತ್ರ, ಇಲ್ಲಾ ನುಡಿ ಗೊಜಲು. ನೀವು ಆಯ್ದಕ್ಕಿ ಲಕ್ಕಮ್ಮ ಅಂತ ಕನ್ನಡದಲ್ಲಿ ಹಾಕಿದ್ರೆ ಅವಳ ಮೇಲೆ ಪೂರ್ತಿ ಅಧ್ಯಾಯ ಬರೆದವರ ಥೀಸಿಸ್ಸೂ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಹೀಗಾಗಿ ಮೂರು ವಿವಿಯಲ್ಲಿ ಮೂರು ಜನ ಒಂದೇ ವಿಷಯ ಒಬ್ಬರಿಗೊಬ್ಬರು ಗೊತ್ತಿಲ್ದೆ ಬರೀತಾ ಕೂತಿರ್ತಾರೆ.

ಇನ್ನೊಂದು ಕಡೆ ವಚನ ಸಂಚಯ ಅನ್ನೋ ಜಾಲತಾಣ ನೋಡಿ. ಒಂದು ಪದ ಹಾಕಿದ್ರೆ ಆ ಪದ ಇರೋ ವಚನಗಳು ವಚನಕಾರರ ಹೆಸರಿನ ಜೊತೆ ಬರ್ತವೆ. ನಾವು ಓದೋವಾಗ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟ ತಿರುವಿ ಹಾಕಿ ಚೀಟಿ ಬರ್ಕೋತಿದ್ವಿ, ಗೈಡ್ ಕೇಳಿದ್ರೆ ಇನ್ನೊಂದ್ಸಲ ತಿರುವಿ ಹಾಕೋದು. ವಚನ ಯೂನಿಕೋಡಲ್ಲಿ ಕೂತಿದೆ ಅನ್ನೋದೊಂದೇ ಕಾರಣಕ್ಕೆ ಇದು ಸಾಧ್ಯ ಆಗಿದ್ದು. ವಚನಕ್ಕೆ ಸಿಕ್ಕ ಭಾಗ್ಯ ವಚನದ ಮೇಲಿನ ಸಂಶೋಧನೆಗೆ ಇನ್ನೂ ಸಿಕ್ಕಿಲ್ಲ ನೋಡಿ. (ಹಾಗಂತ ಸರ್ಚ್ ಮಾಡಿದ್ರೆ ಓದಿದ ಹಾಗಾಗಲ್ಲ. ಕಾಯಕ ಅನ್ನೋ ಪದ ಇಲ್ದೇನೇ ಕಾಯಕದ ಬಗ್ಗೆ ಮಾತಾಡೋ ವಚನಗಳು ಯಾವ ಸರ್ಚಿಗೂ ಸಿಗಲ್ಲ.)

ನಿವೃತ್ತ_ಮೇಷ್ಟ್ರು:
ಅದು ಸರಿ ಬಿಡಪ್ಪ. ಆದ್ರೆ ನಂಗೆ ಈಗ ಬೇರೆ ಭಯ. ಈಚೆಗೆ ಒಂದು ಪ್ರಬಂಧ ನೋಡೋಕೆ ಬಂತು, ಅದ್ರಲ್ಲಿ ಆಯ್ದಕ್ಕಿ ಲಕ್ಕಮ್ಮನ ವಚನ ಅಂತ ಒಂದು ಇತ್ತು, ಕೊನೆಗೆ ಅಂಕಿತ ನೋಡಿದ್ರೆ ಕೂಡಲಸಂಗಮದೇವ! ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ ಅಲ್ವೇನಪ್ಪ. ಎಲ್ಲಿಂದ ತಂದೆ ಅಂದ್ರೆ ಹುಡುಗ ತಲೆ ಕೆರ್ಕೊಂಡು ಚಾಟ್‌ಜಿಪಿಟಿ ಅಂದ. ಸಂಪುಟ, ಪುಟ ಸಂಖ್ಯೆ ಸಮೇತ ಕೊಟ್ಟಿತ್ತಂತೆ, ಅಲ್ಲಿ ಹೋಗಿ ನೋಡಿದ್ರೆ ಬೇರೆ ಯಾರದ್ದೋ ವಚನ.

ಡಿಟಿಪಿ_ಮಂಜಣ್ಣ:
ಅಕ್ಕಾರ, ನಮ್ದು ಗದಗ ಕಡೆ ಡಿಟಿಪಿ ಅಂಗಡಿ ಐತ್ರಿ, ಇಂಥ ಕೆಲಸ ದಿನಾ ಮಾಡ್ತೀವಿ. ನುಡಿಯವರನ್ನ ಬೈಬ್ಯಾಡ್ರಿ, ಹೊಸ ನುಡಿಯೊಳಗ ಯೂನಿಕೋಡೂ ಐತಿ, ಕೀಲಿಮಣಿ ಅದ ಕೆ.ಪಿ. ರಾವ್ ಅವರದ. ನಾವು ಬಿಡದಿರೂದು ಪೇಜ್‌ಮೇಕರ್ ಸಲುವಾಗಿ, ಅದ್ರಾಗ ಕನ್ನಡ ಯೂನಿಕೋಡ್ ನಡ್ಯೂದಿಲ್ರಿ.

ನಿಮ್ದು ವರ್ಡ್ ಫೈಲ್ ಇದ್ರ ಹಿಂಗ ಮಾಡ್ರಿ. ಮೊದ್ಲ ಒಂದು ಕಾಪಿ ಇಟ್ಕೋರಿ. ಆಮ್ಯಾಲ ಇಂಗ್ಲಿಷ್ ಪದ ಯಾವ ಫಾಂಟಿನ್ಯಾಗ ಅದಾವು, ಬಹಳ ಮಾಡಿ ಟೈಮ್ಸ್ ನ್ಯೂ ರೋಮನ್ ಇರ್ತೈತಿ, ಆ ಫಾಂಟ್ ಕೊಟ್ಟು ಫೈಂಡ್ ಮಾಡಿ ಎಲ್ಲಾದಕ್ಕೂ ಹಳದಿ ಬಣ್ಣ ಹಾಕ್ರಿ. ಯಾಕಂದ್ರ ಕನ್ವರ್ಟರಿಗೆ ಬರೇ ಅಕ್ಷರ ಹಾಕಿದ್ರ ಯಾವ್ದು ಇಂಗ್ಲಿಷ್ ಯಾವ್ದು ನುಡಿ ತಿಳಿಯೂದಿಲ್ಲ, ಇಂಗ್ಲಿಷ್ ಪದಾನೂ ಕನ್ನಡ ಮಾಡಿ ಏನೇನೋ ಬರಿತೈತಿ. ಹಳದಿ ಇದ್ದದ್ದು ಬಿಟ್ಟು ಉಳಿದದ್ದು ಬದಲಾಯಿಸ್ರಿ, ಅಡಿಟಿಪ್ಪಣಿ ಬ್ಯಾರೆ ಮಾಡ್ರಿ. ಮುಗದ ಮ್ಯಾಲ ಧರ್ಮ, ವರ್ಗ, ಅರ್ಥ ಇಂಥಾ ಅರ್ಕಾವತ್ತಿನ ಪದ ಒಮ್ಮೆ ನೋಡ್ರಿ. ನುಡಿಯೊಳಗ ಅರ್ಕಾವತ್ತು ಅಕ್ಷರ ಆದ ಮ್ಯಾಲ ಇರ್ತೈತಿ, ಯೂನಿಕೋಡಿನ್ಯಾಗ ರ್ ಅಕ್ಷರಕ್ಕಿಂತ ಮೊದ್ಲ ಬರಬೇಕು, ಅಲ್ಲೇ ಎಡವೂದು. ಪುಟ ಸಂಖ್ಯೆ ಎಲ್ಲಾ ಹೆಚ್ಚುಕಡಿಮಿ ಆಗ್ತಾವು, ವಿಷಯಸೂಚಿ ಕಡೀಕ ಮಾಡ್ರಿ.

ತುಂಗಾತೀರ:
ಮಂಜಣ್ಣ, ತುಂಬಾ ಥ್ಯಾಂಕ್ಸ್, ಎರಡನೇ ಅಧ್ಯಾಯ ನೀವು ಹೇಳಿದ ಹಾಗೇ ಮಾಡ್ದೆ, ಇಂಗ್ಲಿಷ್ ಪದಗಳೆಲ್ಲ ಉಳ್ಕೊಂಡ್ವು. ಉದ್ಧರಣ ಚಿಹ್ನೆ ಹಾಕಿ ಉಲ್ಲೇಖ ಬಿಟ್ಟು ಚೆಕ್ ಮಾಡ್ಸಿದ್ರೆ ಶೇ 10ಕ್ಕಿಂತ ಕೆಳಗೆ ಬಂತು. ಗೈಡ್ ಮಾತ್ರ ಸೊನ್ನೆ ಇದ್ದಿದ್ದನ್ನ ನೀನ್ಯಾಕೆ ಎಂಟು ಮಾಡ್ಕೊಂಡೆ ಅಂತಿದಾರೆ 😅 ಒಂದು ಡೌಟು, ಕೆಲವು ವಚನದಲ್ಲಿ ಕಣ್ಣಿಗೆ ಪದ ಸರಿಯಾಗೇ ಕಾಣುತ್ತೆ, ಸರ್ಚ್ ಕೊಟ್ರೆ ಸಿಗಲ್ಲ, ಯಾಕೆ? ಇವು ಕನ್ವರ್ಟ್ ಮಾಡಿದ್ದಲ್ಲ, ಒಂದು ಹಳೇ ಬ್ಲಾಗಿನಿಂದ ತಗೊಂಡಿದ್ದು.

ಲೈಬ್ರರಿ_ಕಿಟಕಿ:
ಅನುಸ್ವಾರ ನೋಡಿ ಮೇಡಂ. ಎಷ್ಟೋ ಜನ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಹೊಡೆದಿರ್ತಾರೆ. ‘ಕ೦ಡು’, ‘ಕಂಡು’ ಎರಡೂ ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಫೈಂಡ್‌ನಲ್ಲಿ ಅಂಕಿ ಸೊನ್ನೆ ಹುಡುಕಿ ಒಂದೊಂದೇ ಬದಲಾಯಿಸಿ, ಒಟ್ಟಿಗೆ ರಿಪ್ಲೇಸ್ ಕೊಡ್ಬೇಡಿ, ಇಸವಿಗಳಲ್ಲಿ ಕನ್ನಡ ಅಂಕಿ ಬಳಸಿದ್ರೆ ಅವೂ ಹಾಳಾಗ್ತವೆ. ಹಳಗನ್ನಡ ಉದ್ಧರಿಸಿದ್ರೆ ಱ ಮತ್ತೆ ೞ ಎರಡಕ್ಕೂ ಯೂನಿಕೋಡಲ್ಲಿ ಜಾಗ ಇದೆ, ಯೂನಿಕೋಡ್ ಪಟ್ಟಿಯಲ್ಲಿ ೞಗೆ ತಪ್ಪಿ ‘ಫಾ’ ಅಂತ ಹೆಸರಿಟ್ಟಿದಾರೆ, ಗಾಬರಿ ಆಗ್ಬೇಡಿ, ಅದೇ ಅಕ್ಷರ.

ಡಿಟಿಪಿ_ಮಂಜಣ್ಣ:
ಮತ್ತ ಬ್ಲಾಗಿನ ಮ್ಯಾಲಿನ ವಚನ ಹಂಗ ಇಡಬ್ಯಾಡ್ರಿ ಅಕ್ಕಾರ, ಸಂಪುಟ ತಗದು ಪಾಠ ತಾಳೆ ನೋಡ್ರಿ. ಪ್ರಿಂಟಿಗೆ ಕೊಡೂವಾಗ ಪಿಡಿಎಫ್ ಮಾಡೇ ಕೊಡ್ರಿ, ಬೈಂಡಿಂಗ್‌ನವರ ಕಂಪ್ಯೂಟರಿನ್ಯಾಗ ನಿಮ್ಮ ಫಾಂಟ್ ಇರ್ತೈತಿ ಅನ್ನೂ ಭರೋಸೆ ಇಲ್ಲ.