ಪದಚರ್ಚೆ: ಮಾರ್ಸುಪಿಯಲ್‌ಗೆ ಸಂಚಿಯೋ, ಮಡಿಲೋ?

ಬಳಗದ ಎಲ್ಲರಿಗೂ ನಮಸ್ಕಾರ.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಾವು ನಾಲ್ಕಾರು ಮಂದಿ ಸೇರಿ ಇಲ್ಲಿನ ಕನ್ನಡ ಮಕ್ಕಳಿಗಾಗಿ ಪ್ರಾಣಿಗಳ ಬಗ್ಗೆ ಒಂದು ಸಣ್ಣ ಪುಸ್ತಕ ಸಿದ್ಧಮಾಡುತ್ತಿದ್ದೇವೆ. ಸಸ್ತನಿಗಳ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಕಾಂಗರೂ, ಕೊವಾಲಾ, ವಾಂಬ್ಯಾಟ್, ಒಪಾಸಮ್ ಇವೆಲ್ಲ ಸೇರುವ ಮಾರ್ಸುಪಿಯಲ್ ಗುಂಪಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿಗೆ ಬರವಣಿಗೆ ನಿಂತಿದೆ. ಹೊಟ್ಟೆಚೀಲದ ಪ್ರಾಣಿ, ಸಂಚಿ ಪ್ರಾಣಿ ಎಂಬ ಮಾತುಗಳು ಬಳಕೆಯಲ್ಲಿವೆ. ಮರಾಠಿಯಲ್ಲಿ ಶಿಶುಧಾನ, ಹಿಂದಿಯಲ್ಲಿ ಧಾನಿಪ್ರಾಣಿ ಎನ್ನುತ್ತಾರೆ. ನಮ್ಮ ಮಕ್ಕಳನ್ನು ಕೇಳಿದರೆ ಕಾಂಗರೂವಿನದು ‘ಪಿಶವಿ’, ಅಂದರೆ ಚೀಲ. ಮರಾಠಿಯ ನಡುವೆ ಬೆಳೆಯುವವರಿಗೆ ಅದೇ ಮೊದಲು ಬಾಯಿಗೆ ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಪುಸ್ತಕದಲ್ಲಿ ಅಚ್ಚಾಗುವ ಹೆಸರು ವಿಷಯಕ್ಕೂ ಒಪ್ಪಬೇಕಲ್ಲ.

ಮೂಲ ಹೆಸರಿನ ಅರ್ಥವೂ ಚೀಲವೇ. ಲ್ಯಾಟಿನ್ನಿನ ಮಾರ್ಸುಪಿಯಮ್ ಎಂದರೆ ಹಣದ ಚೀಲ. ಅದರಿಂದ 1811ರಲ್ಲಿ ಇಲ್ಲಿಗರ್ ಎಂಬ ಜರ್ಮನ್ ವಿಜ್ಞಾನಿ ಮಾರ್ಸುಪಿಯೇಲಿಯಾ ಎಂಬ ಹೆಸರು ಮಾಡಿದ. ಈ ಲೆಕ್ಕದಲ್ಲಿ ‘ಸಂಚಿ’ ತೀರಾ ಹತ್ತಿರದ ಪದ. ಎಲೆಯಡಿಕೆಯ ಸಂಚಿಗೆ ದಾರ ಎಳೆದರೆ ಬಾಯಿ ಮುಚ್ಚುತ್ತದೆ. ದಕ್ಷಿಣ ಅಮೆರಿಕದ ಹೊಳೆಗಳಲ್ಲಿ ಈಜುವ ಯಾಪೊಕ್ ಎಂಬ ನೀರಿನ ಒಪಾಸಮ್ ತನ್ನ ಚೀಲದ ಬಾಯಿಯನ್ನು ಸ್ನಾಯುವಿನಿಂದ ಹಾಗೆಯೇ ಬಿಗಿದುಕೊಳ್ಳುತ್ತದೆ; ಮರಿಗಳಿಗೆ ನೀರು ತಾಗುವುದಿಲ್ಲ. ಇಂಥ ಪ್ರಾಣಿಗೆ ಸಂಚಿಗಿಂತ ಒಳ್ಳೆಯ ಪದ ಸಿಗಲಾರದು.

ಆದರೆ ಯಾಪೊಕ್ ಒಂದು ತುದಿ. ಗುಂಪಿನ ಉದ್ದಕ್ಕೂ ನೋಡಿದರೆ ಈ ಅಂಗ ಬೇರೆಬೇರೆ ರೂಪದಲ್ಲಿದೆ. ಕಾಂಗರೂವಿನದು ಮುಂದಕ್ಕೆ, ಮೇಲ್ಮುಖವಾಗಿ ತೆರೆಯುತ್ತದೆ. ನೆಲ ಬಗೆಯುವ ವಾಂಬ್ಯಾಟಿನದು ಹಿಂದಕ್ಕೆ ತೆರೆಯುವುದರಿಂದ ತೋಡಿದ ಮಣ್ಣು ಮರಿಯ ಮೇಲೆ ಬೀಳುವುದಿಲ್ಲ. ಕ್ವೋಲ್ ಎಂಬ ಮಾಂಸಾಹಾರಿ ಮಾರ್ಸುಪಿಯಲ್‌ಗಳಲ್ಲಿ ಮರಿಹಾಕುವ ಕಾಲ ಬಂದಾಗ ಮಾತ್ರ ಮೊಲೆತೊಟ್ಟುಗಳ ಸುತ್ತ ಚರ್ಮ ಮಡಿಚಿ ಏಳುತ್ತದೆ. ಗೆದ್ದಲು ತಿನ್ನುವ ನಂಬ್ಯಾಟಿಗೆ ಚೀಲವೇ ಇಲ್ಲ. ಮರಿಗಳು ತೊಟ್ಟು ಕಚ್ಚಿಕೊಂಡು ಹೊಟ್ಟೆಯ ಕೂದಲ ನಡುವೆ ಜೋತಾಡುತ್ತವೆ. ಮಾರ್ಸುಪಿಯಲ್‌ಗಳಲ್ಲೇ ಮೊದಲು ಪೂರ್ಣ ಜೀನೋಮ್ (ಡಿಎನ್‌ಎಯ ಇಡೀ ಬರಹ) ಓದಿಸಿಕೊಂಡದ್ದು, 2007ರಲ್ಲಿ, ದಕ್ಷಿಣ ಅಮೆರಿಕದ ಮೋಟುಬಾಲದ ಬೂದು ಒಪಾಸಮ್. ಅದಕ್ಕೂ ಚೀಲವಿಲ್ಲ. ಇತ್ತ ಮೊಟ್ಟೆಯಿಡುವ ಎಕಿಡ್ನಾ ಮಾರ್ಸುಪಿಯಲ್ ಅಲ್ಲದಿದ್ದರೂ ಮೊಟ್ಟೆಯ ಕಾಲದಲ್ಲಿ ಹೊಟ್ಟೆಯ ಮೇಲೆ ಚೀಲದಂಥದ್ದನ್ನು ಮಾಡಿಕೊಳ್ಳುತ್ತದೆ.

ಇವೆಲ್ಲದರಲ್ಲಿ ಸಾಮಾನ್ಯವಾದದ್ದು ಚರ್ಮದ ಮಡಿಕೆ. ಆಳವಾದರೆ ಚೀಲ, ಮೇಲುಮೇಲಾದರೆ ಬರಿಯ ಅಂಚು. ಅದಕ್ಕೇ ನನಗೆ ‘ಮಡಿಲು’ ಸರಿ ಎನಿಸುತ್ತಿದೆ. ಮಡಿಲೆಂದರೆ ತೊಡೆಯ ಮೇಲಿನ ಜಾಗ ಎಂದಷ್ಟೇ ಈಗ ಬಹಳ ಜನ ತಿಳಿಯುತ್ತಾರೆ. ಮಡಿಲಕ್ಕಿ ಕಟ್ಟುವಾಗ ಅಕ್ಕಿ ಬೀಳುವುದು ಎಲ್ಲಿಗೆ? ಸೀರೆಯ ಸೆರಗನ್ನು ಹೊಟ್ಟೆಯ ಮುಂದೆ ಮಡಿಚಿ ಹಿಡಿದ ಆ ಜೋಳಿಗೆಗೆ. ಬೆಳಗಾವಿ, ಧಾರವಾಡದ ಕಡೆಯಿಂದ ಮುಂಬಯಿಗೆ ಬಂದವರು ಅದನ್ನೇ ಉಡಿ ಎನ್ನುತ್ತಾರೆ, ಉಡಿ ತುಂಬುತ್ತಾರೆ. ನೆರೆಮನೆಯ ಮರಾಠಿ ಹೆಂಗಸರು ಓಟಿ ತುಂಬುತ್ತಾರೆ. ಮೂರೂ ಒಂದೇ. ದೇಹದ ಮುಂಭಾಗದಲ್ಲಿ ಮಡಿಕೆಯಿಂದಾದ, ತುಂಬಿಸಿಕೊಳ್ಳುವ, ಬೇಡವಾದಾಗ ಇಲ್ಲವಾಗುವ ಜಾಗ. ಕ್ವೋಲಿನ ಹಂಗಾಮಿನ ಮಡಿಕೆಗೂ ಕಾಂಗರೂವಿನ ಆಳವಾದ ಚೀಲಕ್ಕೂ ಈ ಪದ ಒಗ್ಗುತ್ತದೆ. ಮಗುವಿಗೂ ಮಡಿಲಿಗೂ ಇರುವ ನಂಟನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

‘ಮಡಿಲ ಸಸ್ತನಿ’ ಎಂದರೆ ಮಡಿಲೇ ಇಲ್ಲದ ನಂಬ್ಯಾಟಿನ ಗತಿಯೇನು ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಸಸ್ತನಿ ಎಂಬ ಹೆಸರೂ ಅಷ್ಟೇ. ಪ್ಲಾಟಿಪಸ್‌ಗೆ ಮೊಲೆತೊಟ್ಟಿಲ್ಲ, ಹಾಲು ಚರ್ಮದಿಂದಲೇ ಒಸರುತ್ತದೆ. ಆದರೂ ಅದು ಸಸ್ತನಿ. ಹೆಸರು ಕೆಲವು ಸದಸ್ಯರಿಗೆ ಸಡಿಲವಾದರೆ ನಾನು ಒಪ್ಪುತ್ತೇನೆ. ಹೆಸರು ಸುಳ್ಳು ಕಲಿಸಿದರೆ ಒಪ್ಪಲಾರೆ. ನನ್ನ ನಿಜವಾದ ತಕರಾರು ಇರುವುದು ಈ ಗುಂಪಿನ ಎದುರಿಗೆ ಇಡುವ ಹೆಸರಿನಲ್ಲಿ.

ನಾವು, ಹಸು, ಇಲಿ, ತಿಮಿಂಗಿಲ ಎಲ್ಲ ಸೇರುವ ಗುಂಪನ್ನು ಜರಾಯು ಸಸ್ತನಿಗಳು ಎನ್ನುವುದು ರೂಢಿ. ಜರಾಯು ಎಂದರೆ ಬಸಿರಿನಲ್ಲಿ ಮರಿಗೆ ತಾಯಿಯಿಂದ ಆಹಾರ ಮುಟ್ಟಿಸುವ ಅಂಗ; ಹಟ್ಟಿಯಲ್ಲಿ ಹಸು ಕರು ಹಾಕಿದ ಮೇಲೆ ಬೀಳುವ ಮಾಸು. ಒಂದು ಗುಂಪಿಗೆ ಜರಾಯುವಿನ ಹೆಸರಿಟ್ಟ ಕೂಡಲೇ ಇನ್ನೊಂದಕ್ಕೆ ಅದಿಲ್ಲ ಎಂದು ಓದುವ ಮಗು ತಿಳಿಯುತ್ತದೆ. ಆದರೆ ಮಾರ್ಸುಪಿಯಲ್‌ಗಳಿಗೂ ಜರಾಯು ಇದೆ. ಹೆಚ್ಚಿನವುಗಳಲ್ಲಿ ಅದು ಮೊಟ್ಟೆಯ ಹಳದಿಯನ್ನು ಸುತ್ತುವ ಪೊರೆಯಿಂದ ಆಗುತ್ತದೆ, ಅಲ್ಪಕಾಲ ಇರುತ್ತದೆ. ಆಸ್ಟ್ರೇಲಿಯಾದ ಬ್ಯಾಂಡಿಕೂಟ್ ಎಂಬ ಉದ್ದಮೂತಿಯ ಮಾರ್ಸುಪಿಯಲ್‌ಗಳಲ್ಲಿ ಇದರ ಜೊತೆಗೆ ನಮ್ಮದೇ ಬಗೆಯ ಜರಾಯುವೂ ಕೊನೆಯ ದಿನಗಳಲ್ಲಿ ಬೆಳೆಯುತ್ತದೆ. ನಮ್ಮ ಹಳೆಯ ವಿಂಗಡಣೆಯಲ್ಲಿ ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕು ಬಗೆ: ಗರ್ಭದಿಂದ, ಮೊಟ್ಟೆಯಿಂದ, ಬೆವರಿನಿಂದ, ನೆಲ ಸೀಳಿ ಹುಟ್ಟುವವು. ಆ ಪ್ರಕಾರವೂ ಕಾಂಗರೂ ಜರಾಯುಜವೇ ಆಗಬೇಕು.

ವ್ಯತ್ಯಾಸ ಇರುವುದು ಮರಿ ಎಲ್ಲಿ ಬೆಳೆಯುತ್ತದೆ ಎಂಬುದರಲ್ಲಿ. ಕೆಂಪು ಕಾಂಗರೂ ಸುಮಾರು 33 ದಿನಕ್ಕೆ ಹೆರುತ್ತದೆ. ಮರಿಯ ತೂಕ ಒಂದು ಗ್ರಾಮಿಗಿಂತ ಕಡಿಮೆ. ಕಣ್ಣಿಲ್ಲ, ಹಿಂಗಾಲು ಇನ್ನೂ ಮೊಳಕೆ. ಮುಂಗಾಲು ಮತ್ತು ಬಾಯಿ ಮಾತ್ರ ಸಿದ್ಧ. ಅದು ತಾಯಿಯ ತುಪ್ಪಳವನ್ನು ಹಿಡಿದು ಹತ್ತಿ ತೊಟ್ಟನ್ನು ಕಚ್ಚುತ್ತದೆ, ಮುಂದಿನ ಏಳೆಂಟು ತಿಂಗಳು ಅಲ್ಲಿಯೇ ಬೆಳೆಯುತ್ತದೆ. ಬೆಳವಣಿಗೆಗೆ ತಕ್ಕಂತೆ ಹಾಲಿನ ಗುಣ ಬದಲಾಗುತ್ತ ಹೋಗುತ್ತದೆ. ಹೊರಗೆ ಕುಪ್ಪಳಿಸುವ ದೊಡ್ಡ ಮರಿಗೆ ಒಂದು ತೊಟ್ಟಿನಿಂದ ಒಂದು ಬಗೆಯ ಹಾಲು, ಒಳಗಿರುವ ಎಳೆಯದಕ್ಕೆ ಪಕ್ಕದ ತೊಟ್ಟಿನಿಂದ ಬೇರೆ ಬಗೆಯ ಹಾಲು, ಎರಡನ್ನೂ ತಾಯಿ ಒಂದೇ ಹೊತ್ತಿಗೆ ಕೊಡಬಲ್ಲಳು. ಇದನ್ನು ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ. ನಮ್ಮ ಗುಂಪಿನಲ್ಲಿ ಜರಾಯು ಮಾಡುವ ಕೆಲಸದ ಬಹುಪಾಲನ್ನು ಅಲ್ಲಿ ಹಾಲು ಮಾಡುತ್ತದೆ.

ಆದ್ದರಿಂದ ಎದುರು ಗುಂಪಿಗೆ ‘ತುಂಬುಬಸಿರಿನ ಸಸ್ತನಿಗಳು’ ಎನ್ನಬಹುದೇ ಎಂಬುದು ನನ್ನ ಪ್ರಶ್ನೆ. ಬಸಿರಿನಲ್ಲಿ ಬೆಳೆಸುವವು ಒಂದು ಕಡೆ, ಮಡಿಲಿನಲ್ಲಿ ಬೆಳೆಸುವವು ಇನ್ನೊಂದು ಕಡೆ. ಒಂದು ತೊಡಕನ್ನು ನಾನೇ ಹೇಳಿಬಿಡುತ್ತೇನೆ. ಚಿನ್ನದ ಬಣ್ಣದ ಹ್ಯಾಮ್‌ಸ್ಟರ್ ಕೇವಲ 16 ದಿನಕ್ಕೆ ಮರಿಹಾಕುತ್ತದೆ, ಕಾಂಗರೂವಿನ ಅರ್ಧ. ಆದರೆ ‘ತುಂಬು’ ಎನ್ನುವುದು ನಮ್ಮಲ್ಲಿ ದಿನಗಳ ಎಣಿಕೆಗಿಂತ ಪೂರ್ಣತೆಗೆ ಸಲ್ಲುವ ಮಾತು. ತುಂಬುಗೆನ್ನೆ, ತುಂಬುಹೊಳೆ, ತುಂಬಿದ ಮನೆ. ಹಾಗಾಗಿ ನಿಲ್ಲಬಹುದು ಎನಿಸುತ್ತದೆ. ವೈದ್ಯರು, ಪಶುವೈದ್ಯರು ಬಳಗದಲ್ಲಿದ್ದರೆ ದಯವಿಟ್ಟು ತೂಗಿ ನೋಡಿ.

ಇನ್ನು ‘ಕೆಳವರ್ಗದ ಸಸ್ತನಿ’, ‘ಹಿಂದುಳಿದ ಸಸ್ತನಿ’ ಎಂಬ ಮಾತುಗಳು. ಇವನ್ನು ಬಿಟ್ಟೇಬಿಡಬೇಕು. 1880ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್‌ಲಿ ಸಸ್ತನಿಗಳನ್ನು ಮೂರು ಹೆಸರಿನಡಿ ಜೋಡಿಸಿದ: ಮೊಟ್ಟೆಯಿಡುವವು ಪ್ರೋಟೋಥೀರಿಯಾ, ಮಾರ್ಸುಪಿಯಲ್‌ಗಳು ಮೆಟಾಥೀರಿಯಾ, ನಮ್ಮ ಗುಂಪು ಯುಥೀರಿಯಾ. ಮೊದಲ ಮೃಗ, ನಡುವಿನ ಮೃಗ, ನಿಜ ಮೃಗ ಎಂಬ ಏಣಿಯ ಕಲ್ಪನೆ ಅದರಲ್ಲಿದೆ. ಹೆಸರುಗಳು ಉಳಿದವು, ಏಣಿ ಬಿತ್ತು. ಮಾರ್ಸುಪಿಯಲ್‌ಗಳ ಕೊಂಬೆಯೂ ನಮ್ಮ ಕೊಂಬೆಯೂ ಒಂದೇ ಕವಲಿನಿಂದ ಹೊರಟವು. ಡೈನೋಸಾರ್‌ಗಳ ಕಾಲದಲ್ಲೇ ಅಗಲಿದವು. ಅಕ್ಕತಂಗಿಯರಲ್ಲಿ ಮೇಲುಕೀಳು ಎಲ್ಲಿ?

ಗುಂಪಿನ ಒಳಗಿನ ವಿಂಗಡಣೆಯನ್ನು ಮಕ್ಕಳ ಪುಸ್ತಕದಲ್ಲಿ ಚುಟುಕಾಗಿ ಹೇಳುತ್ತೇನೆ. ಈಗ ಬದುಕಿರುವ ಪ್ರಭೇದಗಳು 330ಕ್ಕೂ ಹೆಚ್ಚು, ಗಣಗಳು (ಆರ್ಡರ್) ಏಳು. ಮೂರು ಗಣಗಳು ಅಮೆರಿಕದ ಕಡೆ, ನಾಲ್ಕು ಆಸ್ಟ್ರೇಲಿಯಾ, ನ್ಯೂಗಿನಿಯ ಕಡೆ. ಇದರಲ್ಲಿ ಸ್ವಾರಸ್ಯವಿರುವುದು ಚಿಲಿ, ಅರ್ಜೆಂಟೀನಾಗಳ ತಂಪುಕಾಡಿನ ಒಂದು ಅಂಗೈಯಗಲದ ಪ್ರಾಣಿಯಲ್ಲಿ. ಸ್ಪ್ಯಾನಿಷ್ ಹೆಸರು ಮೊನಿತೊ ದೆಲ್ ಮೊಂತೆ, ‘ಬೆಟ್ಟದ ಪುಟ್ಟ ಕೋತಿ’. ಕೋತಿಯಲ್ಲ. 1982ರಲ್ಲಿ ಸಲೈ ಎಂಬ ವಿಜ್ಞಾನಿ ಅದರ ಪಾದದ ಕೀಲಿನ ಎಲುಬುಗಳನ್ನು ನೋಡಿ, ಇದರ ನಂಟರು ನೆರೆಯ ಒಪಾಸಮ್‌ಗಳಲ್ಲ, ಸಾಗರದಾಚೆಯ ಆಸ್ಟ್ರೇಲಿಯಾದವು ಎಂದ. ಮುಂದೆ ಡಿಎನ್‌ಎ ಪರೀಕ್ಷೆಗಳೂ ಅದೇ ಕಡೆ ಬೆರಳು ತೋರಿಸಿದವು. ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಕೋಟ್ಯಂತರ ವರ್ಷಗಳ ಹಿಂದೆ ಕೂಡಿಕೊಂಡಿದ್ದವು; ಅಂಟಾರ್ಕ್ಟಿಕಾದ ಸೀಮೋರ್ ದ್ವೀಪದಲ್ಲಿ ಮಾರ್ಸುಪಿಯಲ್ ಪಳೆಯುಳಿಕೆಯೇ ಸಿಕ್ಕಿದೆ. ನಮಗೆ ಇನ್ನೂ ಹತ್ತಿರದ ಸುದ್ದಿ: ಮುಂಬಯಿಯಿಂದ ಉತ್ತರಕ್ಕೆ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ, ಐದು ಕೋಟಿ ವರ್ಷಕ್ಕೂ ಹಳೆಯ ಪದರದಲ್ಲಿ, ಇಂಡೋಡೆಲ್ಫಿಸ್ ಎಂಬ ಒಪಾಸಮ್ ತರಹದ ಪ್ರಾಣಿಯ ಹಲ್ಲನ್ನು ಗುರುತಿಸಿದ್ದಾರೆ. ಕಲ್ಲಾದ ಪ್ರಾಣಿಯಲ್ಲಿ ಮಡಿಲು ಉಳಿಯುವುದಿಲ್ಲ. ವಿಜ್ಞಾನಿಗಳು ಹಲ್ಲಿನಿಂದಲೇ ವಂಶ ಹಿಡಿಯುತ್ತಾರೆ.

ಕೊನೆಯದಾಗಿ ಬ್ಯಾಂಡಿಕೂಟ್. ನಿಘಂಟು ತೆರೆದರೆ ಹೆಗ್ಗಣ ಎಂದು ಸಿಗುತ್ತದೆ. ಮುಂಬಯಿಯ ಗೋದಾಮುಗಳ ಹೆಗ್ಗಣ, ಮರಾಠಿಯ ಘೂಸ್, ಇಲಿಯ ಜಾತಿ. ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿ ಇಲಿ, ಇಂಗ್ಲಿಷರ ಬಾಯಲ್ಲಿ ಬ್ಯಾಂಡಿಕೂಟ್ ಆಯಿತು. ಆಸ್ಟ್ರೇಲಿಯಾದಲ್ಲಿ ಅವರು ಉದ್ದಮೂತಿಯ ಮಾರ್ಸುಪಿಯಲ್ ಒಂದಕ್ಕೆ ಅದೇ ಹೆಸರನ್ನು ಅಂಟಿಸಿದರು. ಅದನ್ನು ನಾವು ಹೆಗ್ಗಣ ಎಂದು ಅನುವಾದಿಸಿದರೆ ಎರಡು ಬೇರೆ ಗುಂಪುಗಳು ಮಗುವಿನ ತಲೆಯಲ್ಲಿ ಒಂದಾಗುತ್ತವೆ. ಇಲ್ಲಿ ಬ್ಯಾಂಡಿಕೂಟ್ ಎಂದೇ ಬಿಡುವುದು ನನ್ನ ತೀರ್ಮಾನ.

ಬಳಗದವರಲ್ಲಿ ಕೇಳುವುದಿಷ್ಟು. ಮಡಿಲು, ಉಡಿ ಎರಡರಲ್ಲಿ ಯಾವುದು ಕರಾವಳಿ, ಹಳೆ ಮೈಸೂರು, ಕಲಬುರಗಿ ಕಡೆಯ ಓದುಗರಿಗೆ ಸೆರಗಿನ ಮಡಿಕೆ ಎಂದೇ ತಟ್ಟನೆ ಹೊಳೆಯುತ್ತದೆ? ‘ತುಂಬುಬಸಿರಿನ ಸಸ್ತನಿ’ ಪಾಠದಲ್ಲಿ ಓದಲು ಉದ್ದವಾಯಿತೇ? ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಓಡಾಡುವ ಪ್ರಾಣಿಗಳ ಬಗ್ಗೆ ನಿಮ್ಮೂರಿನ ದನಗಾಹಿಗಳು, ಬೇಟೆಯವರು ಬಳಸುವ ಬೇರೆ ಮಾತಿದ್ದರೆ, ಯಾವ ಸೀಮೆಯದು ಎಂಬುದರೊಂದಿಗೆ ತಿಳಿಸಿ.