ಪುಟ್ಟೀ, ಪಾಸ್‌ವರ್ಡ್ ಈಗ ಮುಟ್ಟಬೇಡ

ಪುಟ್ಟೀ, ದೊಡ್ಡಮ್ಮ ಕಣೇ. ಲ್ಯಾಪ್‌ಟಾಪ್ ಪಾಸ್‌ವರ್ಡ್ ತಗೋತಿಲ್ಲ, ರೀಸೆಟ್ ಮಾಡಿಬಿಡ್ಲಾ ಅಂತ ಕೇಳಿದೀಯಲ್ಲ, ಬೇಡ. ಈಗ್ಲೇ ಬದಲಾಯಿಸೋಕೆ ಹೋಗ್ಬೇಡ. ನಿನ್ನೆ ರಾತ್ರಿ ವರದಿ ಕನ್ನಡದಲ್ಲಿ ಟೈಪ್ ಮಾಡಿದೆ ಅಂತ ನೀನೇ ಬರ್ದಿದೀಯ, ಕೀಲಿಮಣೆ ಕನ್ನಡದಲ್ಲೇ ಉಳಿದಿರಬೇಕು, ಎಡವಟ್ಟು ಇರೋದು ಅಲ್ಲೇ.

ನನಗೆ ಆಫೀಸಲ್ಲಿ ಆಗಿದ್ದೂ ಇದೇ. ಹೊಸ ಪಾಸ್‌ವರ್ಡ್ ಇಡುವಾಗ ಕೀಲಿಮಣೆ ಕನ್ನಡದಲ್ಲೇ ಕೂತಿತ್ತು. ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಲಿಮಣೆ ಜೋಡಣೆಯಲ್ಲಿ ಕೆ ಒತ್ತಿದ್ರೆ ಕ, ಸರಿ. ಆದ್ರೆ ಜೆ ಒತ್ತಿದ್ರೆ ರ, ಎಚ್ ಒತ್ತಿದ್ರೆ ಪ, ಡಿ ಒತ್ತಿದ್ರೆ ಒತ್ತಕ್ಷರ ಕೂಡಿಸೋ ಹಲಂತ. ಪರದೆ ಮೇಲೆ ಕಾಣೋದು ಬರೀ ಚುಕ್ಕಿ! ಎರಡು ಸಲ ಹೊಡಿ ಅಂತು, ಎರಡು ಸಲವೂ ಅದೇ ತಪ್ಪು ಹೊಡೆದೆ, ಎರಡೂ ತಾಳೆಯಾಯ್ತು, ಒಪ್ಕೊಂಡುಬಿಡ್ತು. ಮಾರನೇ ದಿನ ಇಂಗ್ಲಿಷಲ್ಲಿ ಹೊಡೆದ್ರೆ ತೆಗೆಯುತ್ತಾ? ಹಟ ಹಿಡಿದು ಹೊಡೆದೆ, ಖಾತೆನೇ ಲಾಕ್ ಆಯ್ತು. ಅದಕ್ಕೇ ಮತ್ತೆ ಹೇಳ್ತಿದೀನಿ, ಕೀಲಿಮಣೆ ಯಾವ ಭಾಷೇಲಿದೆ ಅಂತ ನೋಡದೆ ಪಾಸ್‌ವರ್ಡ್ ಬದಲಾಯಿಸಬೇಡ.

ಕನ್ನಡ ಕೀಲಿಮಣೆ ಹಾಕ್ಕೊಂಡಿರೋಳು ಈ ಗುಂಪಲ್ಲಿ ನೀನೊಬ್ಬಳೇ, ಅದಕ್ಕೆ ಬೈಯೋಕೂ ಮನಸ್ಸಿಲ್ಲ. ಮಿಕ್ಕವರದ್ದೆಲ್ಲ ಇಂಗ್ಲಿಷ್ ಅಕ್ಷರದ ಕನ್ನಡ. ಬಿ-ಎ-ಎಲ್-ಇ ಅಂತ ಬರೆದ್ರೆ ನಾನು ಬಳೆ ಅಂತ ಓದ್ಲಾ, ಬಲೆ ಅಂತ ಓದ್ಲಾ, ಬಾಳೆ ಅಂತ ಓದ್ಲಾ? ಕೇಳಿದ್ರೆ ಒಂದು ನಗೋ ಮುಖ ಕಳಿಸಿ ಸುಮ್ಮನಾಗ್ತಾರೆ.

ಅಯ್ಯೋ, ಮಾಡಬೇಕಾದ್ದು ಹೇಳ್ಲೇ ಇಲ್ಲ. ಲಾಗಿನ್ ಪರದೆಯ ಬಲಗಡೆ ಕೆಳಮೂಲೆ ನೋಡು, ಭಾಷೆಯ ಗುರುತು ಇರತ್ತೆ. ವಿಂಡೋಸ್ ಕೀ ಹಿಡ್ಕೊಂಡೇ ಸ್ಪೇಸ್ ಒತ್ತು, ಇಂಗ್ಲಿಷ್ ಬರೋವರೆಗೂ. ಆಮೇಲೆ ಪಾಸ್‌ವರ್ಡ್ ಹೊಡೆದು, ಎಂಟರ್ ಒತ್ತೋಕೆ ಮುಂಚೆ ಪಕ್ಕದ ಕಣ್ಣಿನ ಚಿತ್ರ ಒತ್ತಿ ಹಿಡಿ, ಅಕ್ಷರ ಕಾಣತ್ತೆ. ಕ್ಯಾಪ್ಸ್ ಲಾಕೂ ನೋಡ್ಕೋ.

ಎಡಗಡೆ ಆಲ್ಟ್, ಶಿಫ್ಟ್ ಒಟ್ಟಿಗೆ ಬೆರಳಿಗೆ ಸಿಕ್ಕಿದ್ರೂ ಭಾಷೆ ಬದಲಾಗತ್ತೆ, ಗೊತ್ತೇ ಆಗಲ್ಲ. ಒಳಗೆ ಹೋದ್ಮೇಲೆ ಅದನ್ನ ತೆಗೆದುಹಾಕು: ಸೆಟ್ಟಿಂಗ್ಸ್, ಟೈಮ್ ಆಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್, ಅಲ್ಲಿ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್. ಚೇಂಜ್ ಕೀ ಸೀಕ್ವೆನ್ಸ್ ಒತ್ತಿ ನಾಟ್ ಅಸೈನ್ಡ್ ಮಾಡು. ವಿಂಡೋಸ್-ಸ್ಪೇಸ್ ಹಾಗೇ ಇರತ್ತೆ, ಅದೊಂದು ಸಾಕು. ಲಾಗಿನ್ ಆದ್ಮೇಲೆ ಇಲ್ಲೇ ಬರಿ, ಕನ್ನಡದಲ್ಲೇ.